ಸ್ಕ್ಯಾನ್ ಆದರೆ ಸಾಕೆ, ಕಡತ ಸಿಗಬೇಡವೆ?

ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವ ಕಾಲ ಮುಗಿದಿದೆ. ಆದರೆ ಅಜ್ಜನಿಗೆ ದರಖಾಸ್ತಿನಲ್ಲಿ ಮಂಜೂರಾದ ಜಮೀನಿನ ಮೂಲ ಕಡತ ಬೇಕೆಂದು ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ನಾಲ್ಕಾರು ಸಲ ಅಲೆದ ಮೇಲೆ ಕೈಗೆ ಬರುವುದು ಎಷ್ಟೋ ಸಲ ಒಂದು ಹಿಂಬರಹ ಮಾತ್ರ: 'ಕಡತ ಲಭ್ಯವಿಲ್ಲ.'

2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸಾಮಾನ್ಯ ಸಾಧನೆಯಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಆದರೆ ಪಹಣಿ ಮುಖ್ಯವಾಗಿ ಹೇಳುವುದು ಜಮೀನು ಈಗ ಯಾರ ಹೆಸರಿನಲ್ಲಿದೆ ಎಂದು. ಅದು ಅವರಿಗೆ ಹೇಗೆ ಬಂತು ಎಂಬುದು ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಮ್ಯುಟೇಶನ್ ವಹಿಗಳಲ್ಲಿದೆ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಫಾರಂ 7 ಕೊಟ್ಟ ಗೇಣಿದಾರರ ಹಕ್ಕು ಭೂ ನ್ಯಾಯಮಂಡಳಿಯ ಕಡತದಲ್ಲಿದೆ. ಇವೆಲ್ಲ ರೆಕಾರ್ಡ್ ರೂಮಿನ ಕೆಂಪು ಬಟ್ಟೆಯ ಗಂಟಿನಲ್ಲೇ ಉಳಿದವು. ಶಾಶ್ವತವಾಗಿ ಕಾಪಾಡಬೇಕಾದ ವರ್ಗ ಯಾವುದು, ನಾಶಪಡಿಸಬಹುದಾದ್ದು ಯಾವುದು ಎಂಬ ನಿಯಮ ಇದೆ ನಿಜ. ಗೆದ್ದಲು ಅದನ್ನು ಓದಿಲ್ಲ.

ಕಡತ ಕಳೆದರೆ ಹೆಚ್ಚು ಪೆಟ್ಟು ಬೀಳುವುದು ಬಡವರಿಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕಾನೂನುಬಾಹಿರವಾಗಿ ಪರಭಾರೆಯಾಗಿದ್ದರೆ 1978ರ ಕಾಯ್ದೆಯಡಿ ಮರಳಿ ಪಡೆಯಬಹುದು. ಅದಕ್ಕೆ ಮೊದಲು ಮಂಜೂರಾಗಿದ್ದೇ ನಿಜವೆಂದು ತೋರಿಸಬೇಕು. ಪುರಾವೆ ಇರುವುದು ಸರ್ಕಾರದ ಬಳಿ. ಕಳೆದುಕೊಂಡದ್ದೂ ಸರ್ಕಾರವೇ, ಸೋಲುವವನು ಮಾತ್ರ ಅರ್ಜಿದಾರ.

ಈಗ 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ. ತಡವಾದರೂ ಒಳ್ಳೆಯ ಕೆಲಸ. ಹಾಳೆ ತಿದ್ದುವ, ನಡುವಿನ ಪುಟ ಕೀಳುವ ಕೈಚಳಕಕ್ಕೆ ಇದರಿಂದ ಕಡಿವಾಣ ಬೀಳುತ್ತದೆ. ಆದರೆ ಎಷ್ಟು ಕೋಟಿ ಪುಟ ಸ್ಕ್ಯಾನ್ ಆಯಿತು ಎಂಬ ಲೆಕ್ಕ ನನಗೆ ಮುಖ್ಯವಲ್ಲ. ಹಳ್ಳಿ, ಸರ್ವೆ ನಂಬರು, ವರ್ಷ, ಹೆಸರು ಸರಿಯಾಗಿ ನಮೂದಾಗದಿದ್ದರೆ ಆ ಪುಟಗಳು ಕಂಪ್ಯೂಟರಿನಲ್ಲೂ ಕಳೆದುಹೋದಂತೆಯೇ. ಸೂಚಿ ಮಾಡುವುದು ದಿನಗೂಲಿಯ ಟೈಪಿಂಗ್ ಕೆಲಸವಲ್ಲ, ಕಂದಾಯದ ಒಳಹೊರಗು ಬಲ್ಲವರ ಕೆಲಸ. ಅದರಲ್ಲೂ ನಮ್ಮದು 1956ರಲ್ಲಿ ಹಲವು ಆಡಳಿತಗಳಿಂದ ಕೂಡಿ ಬಂದ ರಾಜ್ಯ. ಧಾರವಾಡ, ಬೆಳಗಾವಿ ಸೀಮೆಯ ಹಲವು ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ನಿಜಾಮರ ಕಾಲದ ಕಲಬುರಗಿ, ಬೀದರ್ ಕಾಗದಗಳಲ್ಲಿ ಹಲವು ಉರ್ದುವಿನಲ್ಲಿವೆ. ಮೋಡಿ ಓದಬಲ್ಲವರು ವಿರಳವಾಗುತ್ತಿದ್ದಾರೆ. ಯಂತ್ರಕ್ಕೆ ಕೊಟ್ಟಷ್ಟು ದುಡ್ಡನ್ನು ಹೊಸಬರಿಗೆ ಈ ಲಿಪಿ ಕಲಿಸಲೂ ಕೊಡಬೇಕು.

ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಮೂಲೆಗೆ ತಳ್ಳುವಂತೆಯೂ ಇಲ್ಲ. ಸಹಿ ಅಸಲಿಯೋ ನಕಲಿಯೋ ಎಂಬ ತಕರಾರು ಎದ್ದರೆ ನ್ಯಾಯಾಲಯ ಕೇಳುವುದು ಅದನ್ನೇ.

ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಎಂದೋ ಹೇಳಿದೆ. ನಿಮ್ಮ ತಾಲ್ಲೂಕಿನಲ್ಲಿ ಆ ಸೂಚಿ ಇದೆಯೇ ಎಂದು ಕೇಳಿ. ಜೊತೆಗೆ, ನಿಮ್ಮ ಜಮೀನಿನ ಮೂಲ ಕಡತದ ದೃಢೀಕೃತ ನಕಲಿಗೆ ಈಗಲೇ ಅರ್ಜಿ ಹಾಕಿ. ವ್ಯಾಜ್ಯ ಬರುವವರೆಗೆ ಕಾಯಬೇಡಿ.