ಅಷ್ಟಾಪದ ಯಾತ್ರೆಗೆ ಹೊರಡುವ ಮುನ್ನ: ಎತ್ತರದ ಗಾಳಿಗೆ ದೇಹವನ್ನು ಒಗ್ಗಿಸಿಕೊಳ್ಳುವ ಬಗೆ

ಪ್ರಥಮ ತೀರ್ಥಂಕರ ಭಗವಾನ್ ಆದಿನಾಥರು ನಿರ್ವಾಣ ಹೊಂದಿದ ಅಷ್ಟಾಪದವು ಕೈಲಾಸ ಪರ್ವತದ ನೆಲೆಯಲ್ಲಿದೆ ಎಂಬುದು ಜೈನ ಪರಂಪರೆಯ ನಂಬಿಕೆ. ಆದ್ದರಿಂದಲೇ ಟಿಬೆಟ್‌ನ ಕೈಲಾಸ-ಮಾನಸ ಸರೋವರ ಯಾತ್ರೆಗೆ ಹಿಂದೂ, ಬೌದ್ಧ ಮತ್ತು ಬೋನ್ ಧರ್ಮೀಯರ ಜೊತೆಯಲ್ಲಿ ಶ್ರಾವಕ-ಶ್ರಾವಿಕೆಯರೂ ಹೋಗುತ್ತಾರೆ. 2020ರಿಂದ ನಿಂತುಹೋಗಿದ್ದ ಸರ್ಕಾರಿ ಯಾತ್ರೆ 2025ರ ಬೇಸಿಗೆಯಲ್ಲಿ ಮತ್ತೆ ಆರಂಭವಾಯಿತು. ಲಿಪುಲೇಖ್ ದಾರಿಯಲ್ಲಿ ತಲಾ 50 ಜನರ 5 ತಂಡ, ನಾಥು ಲಾ ದಾರಿಯಲ್ಲಿ 10 ತಂಡಗಳಿಗೆ ಅವಕಾಶ ಕೊಡಲಾಯಿತು. ಇದಲ್ಲದೆ ನೇಪಾಳದ ಮೂಲಕ ಖಾಸಗಿ ಸಂಸ್ಥೆಗಳೊಂದಿಗೆ ಹೋಗುವವರೂ ಬಹಳ. ಮಕ್ಕಳು ದುಡಿದ ಹಣದಲ್ಲಿ ತಂದೆ-ತಾಯಿಯನ್ನು ಒಮ್ಮೆ ಅಲ್ಲಿಗೆ ಕಳುಹಿಸಬೇಕು ಎಂಬ ಆಸೆ ಎಷ್ಟೋ ಮನೆಗಳಲ್ಲಿದೆ. ಟಿಕೆಟ್, ವೀಸಾ, ಬೆಚ್ಚನೆ ಬಟ್ಟೆ ಎಲ್ಲವನ್ನೂ ವಿಚಾರಿಸುತ್ತಾರೆ. ದೇಹವನ್ನು ಸಿದ್ಧಪಡಿಸುವ ವಿಚಾರ ಮಾತ್ರ ಕೊನೆಗೆ ಉಳಿದುಬಿಡುತ್ತದೆ.

"ನಾವು ಶಿಖರ್ಜಿಯಲ್ಲಿ ಒಂದೇ ದಿನ ವಂದನೆ ಮುಗಿಸಿದವರು, ನಮಗೇನು ಭಯ?" ಎಂದು ಹೇಳುವವರಿದ್ದಾರೆ. ಸಮ್ಮೇದ ಶಿಖರ್ಜಿಯ ಪೂರ್ಣ ವಂದನೆ 27 ಕಿ.ಮೀ. ನಡಿಗೆ. ಅದನ್ನು ಮಾಡಿದವರ ಕಾಲು ಗಟ್ಟಿ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಪಾರಸನಾಥ ಬೆಟ್ಟದ ಎತ್ತರ ಸುಮಾರು 1,365 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕೈಲಾಸ ಪರಿಕ್ರಮದ ಮೊದಲು ಉಳಿಯುವ ದಾರ್ಚೆನ್ ಊರು ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಎರಡನೇ ದಿನ ದಾಟಬೇಕಾದ ಡೋಲ್ಮಾ ಲಾ ಕಣಿವೆ ಸುಮಾರು 5,630 ಮೀಟರ್. ಕಾಲಿನ ಬಲ ಬೇರೆ, ಎತ್ತರಕ್ಕೆ ಒಗ್ಗುವುದು ಬೇರೆ. ಇವೆರಡನ್ನೂ ಒಂದೇ ಖಾತೆಗೆ ಹಾಕಿದವರೇ ಅಲ್ಲಿ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ.

ಎತ್ತರದಲ್ಲಿ ಆಮ್ಲಜನಕ "ಇರುವುದಿಲ್ಲ" ಎನ್ನುವುದು ಸರಿಯಲ್ಲ. ಗಾಳಿಯಲ್ಲಿ ಅದರ ಪಾಲು ಮಂಗಳೂರಿನಲ್ಲೂ 21 ಭಾಗ, ಮಾನಸ ಸರೋವರದ ದಡದಲ್ಲೂ 21 ಭಾಗವೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 5,500 ಮೀಟರ್ ಹೊತ್ತಿಗೆ ಅದು ಸಮುದ್ರ ಮಟ್ಟದ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅರ್ಧ. ದೇಹ ಇದಕ್ಕೆ ತಾನೇ ದಾರಿ ಹುಡುಕುತ್ತದೆ. ಮೊದಲು ಉಸಿರಾಟ ಮತ್ತು ಹೃದಯ ಬಡಿತ ಹೆಚ್ಚಾಗುತ್ತವೆ. ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಕ್ಷಾರದ ಅಂಶವನ್ನು ಹೊರಹಾಕಿ ಹೆಚ್ಚು ಉಸಿರಾಟಕ್ಕೆ ಅನುಕೂಲ ಮಾಡಿಕೊಡುತ್ತವೆ. ಅಲ್ಲಿ ಮೂತ್ರ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ. ಕೆಂಪು ರಕ್ತಕಣಗಳು ಸಾಕಷ್ಟು ಹೆಚ್ಚಲು ವಾರಗಳೇ ಬೇಕು. ಈ ಕೆಲಸಕ್ಕೆ ಬೇಕಾದ ಬಂಡವಾಳ ಕಾಲ ಒಂದೇ. ಹಣ ಕೊಟ್ಟು ಬೇಗ ಮಾಡಿಸಲು ಬರುವುದಿಲ್ಲ.

ವೈದ್ಯರು ಹೇಳುವ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಲ್ಲಿ ಸ್ವಲ್ಪ ಮೇಲೆ ಹತ್ತಿ ಬಂದು ಕೆಳಗೆ ಮಲಗಿದರೆ ಇನ್ನೂ ಒಳ್ಳೆಯದು.

ಈ ಲೆಕ್ಕವನ್ನು ಪ್ರವಾಸದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಕಠ್ಮಂಡುವಿನಿಂದ ರಸ್ತೆಯಲ್ಲಿ ಹೋದರೆ ಗಡಿ ದಾಟಿದ ಮೇಲೆ ಸಿಗುವ ಕೇರುಂಗ್ ಸುಮಾರು 2,800 ಮೀಟರ್, ಮುಂದಿನ ತಂಗುದಾಣ ಸಾಗಾ ಸುಮಾರು 4,500 ಮೀಟರ್. ಒಂದೇ ದಿನದಲ್ಲಿ 1,700 ಮೀಟರ್ ಜಿಗಿತ! ಹೆಲಿಕಾಪ್ಟರ್ ದಾರಿ ಇನ್ನೂ ಚುರುಕು. ಸುಮಾರು 150 ಮೀಟರ್ ಎತ್ತರದ ನೇಪಾಲ್‌ಗಂಜ್‌ನಿಂದ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಹಿಲ್ಸಾ, ಮತ್ತೆ ವಾಹನದಲ್ಲಿ ಸುಮಾರು 3,900 ಮೀಟರ್‌ನ ತಕಲಾಕೋಟ್. "ಹಿರಿಯರಿಗೆ ಆಯಾಸವಿಲ್ಲ" ಎಂದು ಈ ದಾರಿಯನ್ನು ಹೊಗಳುತ್ತಾರೆ. ಆಯಾಸವಿಲ್ಲ ನಿಜ, ಒಗ್ಗುವುದಕ್ಕೆ ಸಮಯವೂ ಇಲ್ಲ. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ಕೇರುಂಗ್‌ನಲ್ಲಿ ಎಷ್ಟು ರಾತ್ರಿ, ಸಾಗಾ ಅಥವಾ ತಕಲಾಕೋಟ್‌ನಲ್ಲಿ ಎಷ್ಟು ರಾತ್ರಿ ಎಂದು ಕೇಳಬೇಕು. ಎರಡೆರಡು ರಾತ್ರಿ ಕೊಡುವವರು ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೇಳಿದರೂ ಅಂಥವರ ಜೊತೆ ಹೋಗುವುದೇ ಲಾಭ. ಸರ್ಕಾರಿ ಯಾತ್ರೆಗೆ ಇರುವ ಹೆಚ್ಚು ದಿನಗಳನ್ನು ಕೆಲವರು ದೂರುತ್ತಾರೆ. ಆ ಹೆಚ್ಚುವರಿ ದಿನಗಳು ಇರುವುದೇ ದೇಹ ಒಗ್ಗಲಿ ಎಂದು. ಅಲ್ಲಿ ವಯಸ್ಸು 18ರಿಂದ 70, ಬಿ.ಎಂ.ಐ. 25ಕ್ಕಿಂತ ಹೆಚ್ಚಿರಬಾರದು, ದೆಹಲಿಯಲ್ಲೊಮ್ಮೆ ಮತ್ತು ದಾರಿಯ ಎತ್ತರದಲ್ಲಿ ಇನ್ನೊಮ್ಮೆ ವೈದ್ಯಕೀಯ ತಪಾಸಣೆ. ಖಾಸಗಿಯಾಗಿ ಹೋಗುವವರೂ ಇದೇ ಅಳತೆಯನ್ನು ತಮಗೆ ತಾವೇ ಹಾಕಿಕೊಳ್ಳುವುದು ಕ್ಷೇಮ.

ಇನ್ನು ತರಬೇತಿ. ಕನಿಷ್ಠ ನಾಲ್ಕು ತಿಂಗಳು ಮೊದಲು ಶುರು ಮಾಡಬೇಕು. ಅದಕ್ಕೂ ಮುನ್ನ ಟಿ.ಎಂ.ಟಿ., ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ. ಮೊದಲ ತಿಂಗಳು ಬೆಳಿಗ್ಗೆ ನಾಲ್ಕೈದು ಕಿ.ಮೀ. ಬಿರುಸಿನ ನಡಿಗೆ ಸಾಕು. ನಂತರ ಮೆಟ್ಟಿಲು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು, ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಸುಮಾರು 1,000 ಮೆಟ್ಟಿಲುಗಳಿವೆ. ಹತ್ತಿರ ಬೆಟ್ಟವಿಲ್ಲದವರು ಮನೆಯ ಮಹಡಿ ಹತ್ತಿಳಿದರೂ ಆದೀತು. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಬೇಕು. ಡೋಲ್ಮಾ ಲಾ ತನಕ ಕುದುರೆ ಸಿಕ್ಕೀತು, ಆಚೆಗಿನ ಕಡಿದಾದ ಇಳಿಜಾರನ್ನು ನಡೆದೇ ಇಳಿಯಬೇಕು. ಅಲ್ಲಿ ಮಂಡಿಗಳೇ ಗತಿ. ಮೂರನೇ ತಿಂಗಳಿನಿಂದ ಬೆನ್ನಿಗೆ ನಾಲ್ಕೈದು ಕೆ.ಜಿ. ಚೀಲ ಹಾಕಿ, ವಾರಕ್ಕೊಮ್ಮೆ 15 ಕಿ.ಮೀ. ನಡೆಯುವುದು, ಮರುದಿನವೂ ಮತ್ತೆ ನಡೆಯುವುದು. ಪರಿಕ್ರಮ ಒಟ್ಟು ಸುಮಾರು 52 ಕಿ.ಮೀ., ಎರಡನೇ ದಿನವೊಂದೇ 20 ಕಿ.ಮೀ. ದಾಟುತ್ತದೆ. ಅಲ್ಲಿ ಹಾಕುವ ಶೂಗಳನ್ನೇ ಹಾಕಿ ಅಭ್ಯಾಸ ಮಾಡಬೇಕು. ಚರ್ಮ ಬಳಸದ ಸಿಂಥೆಟಿಕ್ ಶೂಗಳು ಸುಲಭವಾಗಿ ಸಿಗುತ್ತವೆ. ಜಾಕೆಟ್ ಕೊಳ್ಳುವಾಗ "ಡೌನ್" ಎಂದಿದ್ದರೆ ಒಳಗೆ ಹಕ್ಕಿಯ ಗರಿ ಇರುತ್ತದೆ, ಸಿಂಥೆಟಿಕ್ ತುಂಬಿದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಇಷ್ಟೆಲ್ಲ ತರಬೇತಿಯಿಂದ ಆಯಾಸ ಕಡಿಮೆಯಾಗುತ್ತದೆ, ಎತ್ತರದ ಕಾಯಿಲೆ ತಪ್ಪುತ್ತದೆ ಎಂದಲ್ಲ. ಗಟ್ಟಿಮುಟ್ಟಾದ ಯುವಕರು ಬೇಗ ಬೇಗ ಹತ್ತಿ ಮೊದಲು ಮಲಗುವುದೂ ಉಂಟು.

ಆಹಾರದ ವಿಚಾರದಲ್ಲಿ ಜೈನ ಯಾತ್ರಿಕರಿಗೆ ಕೆಲವು ಪ್ರಶ್ನೆಗಳು ಬೇರೆಯೇ ಇವೆ. ಹಿಮಾಲಯದ ಮಾರ್ಗದರ್ಶಿಗಳು ಎತ್ತರದ ಕಾಯಿಲೆಗೆ ಬೆಳ್ಳುಳ್ಳಿ ಸೂಪ್ ಕುಡಿಯಿರಿ ಎಂದು ಒತ್ತಾಯಿಸುತ್ತಾರೆ. ಅದು ಕಾಯಿಲೆ ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ನಿಶ್ಚಿಂತೆಯಿಂದ ಬೇಡ ಎನ್ನಬಹುದು. ಕರ್ಪೂರ ಮೂಸುವುದೂ ಹಾಗೆಯೇ. ವಾಕರಿಕೆಗೆ ಹಸಿ ಶುಂಠಿಯ ಬದಲು ಒಣ ಶುಂಠಿ ಇಟ್ಟುಕೊಳ್ಳಬಹುದು. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಆದರೆ ದೇಹಕ್ಕೆ ಅನ್ನ, ಅವಲಕ್ಕಿ, ಖಾಕ್ರಾ, ಬೆಲ್ಲದಂಥ ಶಕ್ತಿ ಕೊಡುವ ಆಹಾರ ಹೆಚ್ಚು ಬೇಕು. 4,600 ಮೀಟರ್‌ನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ-ಬೇಳೆ ಬೇಯುವುದಿಲ್ಲ. ಅಡುಗೆಯವರ ಬಳಿ ಕುಕ್ಕರ್ ಇದೆಯೇ ಎಂದು ಮೊದಲೇ ಕೇಳಬೇಕು.

ರಾತ್ರಿ ಭೋಜನ ತ್ಯಾಗದವರಿಗೆ ಒಂದು ಸೂಕ್ಷ್ಮ. ಟಿಬೆಟ್‌ನಲ್ಲಿ ಗಡಿಯಾರ ನಡೆಯುವುದು ಬೀಜಿಂಗ್ ಸಮಯಕ್ಕೆ, ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಜೂನ್‌ನಲ್ಲಿ ಕೈಲಾಸದ ಬಳಿ ಸೂರ್ಯ ಮುಳುಗುವಾಗ ಅಲ್ಲಿನ ಗಡಿಯಾರ ರಾತ್ರಿ ಒಂಬತ್ತೂವರೆ ತೋರಿಸುತ್ತಿರುತ್ತದೆ. ಗಡಿಯಾರ ನೋಡಿ ಊಟ ಬಿಟ್ಟರೆ ಉಪವಾಸವೇ ಗತಿ, ಸೂರ್ಯನನ್ನೇ ನೋಡಬೇಕು. ಸೂರ್ಯಾಸ್ತದ ನಂತರ ನೀರನ್ನೂ ಬಿಡುವವರು ಹಗಲಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ಮೂತ್ರದ ಬಣ್ಣ ತಿಳಿಯಾಗಿದ್ದರೆ ಸಾಕು, ಬಲವಂತವಾಗಿ ಐದಾರು ಲೀಟರ್ ಕುಡಿಯುವುದೂ ಅಪಾಯ. ಪರಿಕ್ರಮದ ಮೂರು ದಿನಗಳಲ್ಲಿ ಉಪವಾಸ, ಏಕಾಶನ ಮಾಡುವ ಸಂಕಲ್ಪವಿದ್ದರೆ ಹೊರಡುವ ಮೊದಲೇ ಮುನಿಗಳ ಅಥವಾ ಮಾತಾಜಿಯವರ ಸಲಹೆ ಪಡೆಯುವುದು ಉತ್ತಮ. ವ್ರತವನ್ನು ಊರಿಗೆ ಮರಳಿದ ಮೇಲೆ ನಡೆಸಲು ಅವಕಾಶವಿದೆಯೇ ಎಂದು ಕೇಳಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅಲ್ಲಿ ಉಪವಾಸಕ್ಕೆ ಕೈಹಾಕಲೇಬಾರದು.

ಔಷಧಿಯ ಬಗ್ಗೆ: ಅಸೆಟಜೋಲಮೈಡ್ (ಡಯಾಮಾಕ್ಸ್) ಒಗ್ಗುವಿಕೆಯನ್ನು ಬೇಗ ಮಾಡಿಸುತ್ತದೆ. ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಮಾತ್ರೆಯ ರೂಪದ್ದನ್ನೇ ಕೇಳಿ ತೆಗೆದುಕೊಂಡರೆ ಜೆಲಾಟಿನ್ ಕ್ಯಾಪ್ಸೂಲ್‌ನ ಚಿಂತೆ ಇಲ್ಲ. ಬೆರಳು ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಇದ್ದದ್ದೇ. ಸಲ್ಫಾ ಔಷಧಿಯ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ರೆ ಮಾತ್ರೆ ಬೇಡವೇ ಬೇಡ.

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ಸುಸ್ತು ಸೇರಿದರೆ ಅದು ಎತ್ತರದ ಕಾಯಿಲೆಯ ಆರಂಭ ಎಂದೇ ತಿಳಿಯಬೇಕು. ಅಂದು ಮುಂದೆ ಹೋಗುವಂತಿಲ್ಲ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನಡಿಗೆ ತಪ್ಪುವುದು, ಮಾತು ತೊದಲುವುದು, ಸಂಬಂಧವಿಲ್ಲದ ಮಾತಾಡುವುದು ಮಿದುಳು ಊದಿಕೊಂಡ ಲಕ್ಷಣ. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಬೇಕು. ಇವೆರಡರಲ್ಲೂ ಬೆಳಗಾಗಲಿ ಎಂದು ಕಾಯುವುದು ಪ್ರಾಣಕ್ಕೇ ಕುತ್ತು. ಆಮ್ಲಜನಕ ಕೊಡುತ್ತಾ ತಕ್ಷಣ ಕೆಳಗಿಳಿಸಬೇಕು. ಅಂಗಡಿಯಲ್ಲಿ ಸಿಗುವ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದನ್ನು ನಂಬಿ ಕೂರುವಂತಿಲ್ಲ.

ಹಿರಿಯರು ತಲೆನೋವನ್ನು ಮುಚ್ಚಿಡುತ್ತಾರೆ. ಇಷ್ಟು ದೂರ ಬಂದು ಪರಿಕ್ರಮ ತಪ್ಪಿದರೆ ಎಂಬ ಅಳುಕು, ಮಗನ ಹಣ ಹಾಳಾಯಿತಲ್ಲ ಎಂಬ ಸಂಕೋಚ. "ಅಲ್ಲೇ ಪ್ರಾಣ ಹೋದರೂ ಪುಣ್ಯವೇ" ಎನ್ನುವ ಮಾತೂ ಕೇಳಿಬರುತ್ತದೆ. ಸಲ್ಲೇಖನವು ಗುರುಗಳ ಅನುಮತಿಯಿಂದ, ಪೂರ್ಣ ಎಚ್ಚರದಲ್ಲಿ ಸ್ವೀಕರಿಸುವ ವ್ರತ. ಮಿದುಳು ಊದಿ ಪ್ರಜ್ಞೆ ತಪ್ಪಿ ಬೀಳುವುದಕ್ಕೆ ಆ ಹೆಸರು ಕೊಡಲಾಗದು.

ಆದ್ದರಿಂದ ಮನೆಯಲ್ಲೇ, ಹೊರಡುವ ಮುಂಚೆ, ಒಂದು ಮಾತು ಆಗಿರಬೇಕು: ಅಪ್ಪನಿಗೆ ಆಗದಿದ್ದರೆ ಅವರ ಜೊತೆ ವಾಪಸ್ ಇಳಿಯುವವರು ಯಾರು? ನೇಪಾಳದ ಮೂಲಕ ಹೋಗುವವರಿಗೆ ಗುಂಪು ವೀಸಾ ಇರುವುದರಿಂದ ಒಬ್ಬರು ಮಧ್ಯದಲ್ಲಿ ಮರಳಲು ಬೇರೆ ಕಾಗದಪತ್ರ ಬೇಕಾಗುತ್ತದೆ. ಅದನ್ನು ಯಾರು, ಎಷ್ಟು ಹೊತ್ತಿನಲ್ಲಿ ಮಾಡಿಸುತ್ತಾರೆ ಎಂದು ಸಂಸ್ಥೆಯವರಿಂದ ಬರೆಸಿಕೊಳ್ಳಬೇಕು. ನೇಪಾಳದಂತೆ ಆ ಭಾಗದಲ್ಲಿ ಹೆಲಿಕಾಪ್ಟರ್ ಕರೆಸಲು ಬರುವುದಿಲ್ಲ, ಗಡಿಯ ತನಕ ರಸ್ತೆಯೇ ಗತಿ. ವಿಮೆಯಲ್ಲಿ 5,700 ಮೀಟರ್ ತನಕದ ಎತ್ತರ ಸೇರಿದೆಯೇ ಎಂದೂ ನೋಡಬೇಕು. ಪರಿಕ್ರಮ ಮಾಡಲಾಗದವರಿಗೆ ಆಕಾಶ ತಿಳಿಯಾಗಿದ್ದರೆ ಮಾನಸ ಸರೋವರದ ದಡದಿಂದಲೇ ಕೈಲಾಸದ ದಕ್ಷಿಣ ಮುಖ ಚೆನ್ನಾಗಿ ಕಾಣುತ್ತದೆ, ಅಲ್ಲಿಯೇ ಕುಳಿತು ಆದಿನಾಥರ ಪೂಜೆ, ಜಪ ಮಾಡಿ ತಂಡ ಹಿಂತಿರುಗುವ ತನಕ ಕಾಯುವವರೂ ಇದ್ದಾರೆ.