ಕಿಬ್ಬೊಟ್ಟೆಯ ಸೋಂಕು: ಸ್ಕ್ಯಾನ್ ಯಾವ ಪ್ರಶ್ನೆಗೆ ಉತ್ತರ?

ಕಿಬ್ಬೊಟ್ಟೆ ನೋವು, ವಾಸನೆಯಿರುವ ಬಿಳಿ ಮುಟ್ಟು, ಒಮ್ಮೊಮ್ಮೆ ಜ್ವರ. ಈ ತೊಂದರೆ ಹೇಳಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಗರ್ಭಕೋಶ, ಅಂಡನಾಳ, ಅಂಡಾಶಯಗಳಿಗೆ ಸೋಂಕು ಏರಿರುತ್ತದೆ. ವೈದ್ಯರು ಇದನ್ನು ಚುಟುಕಾಗಿ ಪಿಐಡಿ ಎನ್ನುತ್ತಾರೆ. ಕ್ಲಮೈಡಿಯಾ, ಗೊನೊರಿಯಾದಂಥ ಲೈಂಗಿಕ ಸೋಂಕುಗಳಿಂದ ಬರಬಹುದು, ಯೋನಿಯಲ್ಲೇ ಇರುವ ಬೇರೆ ಬ್ಯಾಕ್ಟೀರಿಯಾಗಳಿಂದಲೂ ಬರಬಹುದು. ನೋವು ತಾನಾಗಿ ತಗ್ಗಿದರೂ ಅಂಡನಾಳದ ಒಳಪದರ ಗಾಯಗೊಂಡು ಅಂಟಿಕೊಂಡರೆ ಮುಂದೆ ಗರ್ಭ ನಿಲ್ಲುವುದು ಕಷ್ಟವಾಗುತ್ತದೆ, ಇಲ್ಲವೇ ಗರ್ಭ ನಾಳದಲ್ಲೇ ಕಟ್ಟಿ ಜೀವಕ್ಕೆ ಕುತ್ತಾಗುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ವೆಸ್ಟ್ರೋಮ್ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಎದೆ ನಡುಗಿಸುತ್ತದೆ: ನಾಳ ಕೆಟ್ಟು ಬಂಜೆತನ ಬಂದದ್ದು ಒಮ್ಮೆ ಸೋಂಕಾದವರಲ್ಲಿ ಸುಮಾರು ಶೇ. 8, ಎರಡು ಸಲ ಆದವರಲ್ಲಿ ಶೇ. 20ರ ಹತ್ತಿರ, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಆದವರಲ್ಲಿ ಶೇ. 40.

ಇಷ್ಟು ಕೆಡುಕು ಮಾಡುವ ರೋಗವನ್ನು ಗುರುತಿಸುವುದು ಮಾತ್ರ ಹೆಚ್ಚಾಗಿ ಕೈಪರೀಕ್ಷೆಯಿಂದಲೇ. ಗರ್ಭಕೋಶದ ಕೊರಳನ್ನು ಅಲುಗಿಸಿದಾಗ ನೋವಾಗುತ್ತದೆಯೇ, ಪಕ್ಕದ ನಾಳಗಳ ಜಾಗ ಒತ್ತಿದರೆ ನೋಯುತ್ತದೆಯೇ ಎಂದು ನೋಡುತ್ತಾರೆ. ಅನುಭವಿ ವೈದ್ಯರ ಕೈಗೆ ಇದು ಸಾಕಲ್ಲವೇ ಎನ್ನುವವರಿದ್ದಾರೆ. ಸಾಲದು ಎಂಬುದಕ್ಕೆ ಪುರಾವೆ ಹಳೆಯದು. 1969ರಲ್ಲಿ ಯಾಕೋಬ್ಸನ್ ಮತ್ತು ವೆಸ್ಟ್ರೋಮ್, ಕೈಪರೀಕ್ಷೆಯಲ್ಲಿ ಪಿಐಡಿ ಎನಿಸಿಕೊಂಡ 814 ಮಹಿಳೆಯರ ಹೊಟ್ಟೆಯೊಳಗೆ ಲ್ಯಾಪರೊಸ್ಕೋಪ್ ಇಳಿಸಿ ನೋಡಿದರು. ನಿಜವಾಗಿ ಸೋಂಕು ಕಂಡದ್ದು ಶೇ. 65 ಮಂದಿಯಲ್ಲಿ. ಶೇ. 12 ಮಂದಿಗೆ ಬೇರೆಯದೇ ರೋಗವಿತ್ತು, ಉಳಿದ ಶೇ. 23 ಮಂದಿಯಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಆ ಶೇ. 12ರ ಬಗ್ಗೆ ಹೆಚ್ಚು ಯೋಚಿಸಬೇಕು. ಅಪೆಂಡಿಕ್ಸ್ ಊತ, ನಾಳದಲ್ಲಿ ಕಟ್ಟಿದ ಗರ್ಭ, ತಿರುಚಿಕೊಂಡ ಅಂಡಾಶಯ, ಎಂಡೊಮೆಟ್ರಿಯೋಸಿಸ್ ಇವೆಲ್ಲ ಇದೇ ನೋವಿನ ವೇಷದಲ್ಲಿ ಬರುತ್ತವೆ, ಇವುಗಳಲ್ಲಿ ಕೆಲವಕ್ಕೆ ತಡಮಾಡಿದರೆ ಉಳಿಗಾಲವಿಲ್ಲ.

ಹಾಗೆಂದು ನೋವೆಂದು ಬಂದ ಪ್ರತಿಯೊಬ್ಬರ ಹೊಟ್ಟೆಗೂ ಲ್ಯಾಪರೊಸ್ಕೋಪ್ ಹಾಕಲಾಗದು. ಈ ಜಾಗವನ್ನು ತುಂಬಬೇಕಾದ್ದು ಸುಧಾರಿಸಿದ ಸ್ಕ್ಯಾನಿಂಗ್. ನಮಗೆ ಚೆನ್ನಾಗಿ ಗೊತ್ತಿರುವುದು ನೀರು ಕುಡಿದು, ಮೂತ್ರ ತಡೆದುಕೊಂಡು, ಹೊಟ್ಟೆಯ ಮೇಲೆ ಜೆಲ್ ಹಚ್ಚಿಸಿಕೊಳ್ಳುವ ಸ್ಕ್ಯಾನ್. ಅದರಲ್ಲಿ ಅಂಡನಾಳ ಸ್ಪಷ್ಟವಾಗಿ ಕಾಣುವುದು ಅಪರೂಪ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ಗೆ ಮೂತ್ರಕೋಶ ಖಾಲಿಯಿರಬೇಕು. ಶಬ್ದತರಂಗ ಕಳಿಸುವ ಕಡ್ಡಿ ನಾಳದ ಪಕ್ಕದಲ್ಲೇ ಇರುವುದರಿಂದ ಚಿತ್ರ ಬಹಳ ಸೂಕ್ಷ್ಮವಾಗಿ ಮೂಡುತ್ತದೆ. ಆರೋಗ್ಯವಂತ ನಾಳ ಇದರಲ್ಲೂ ಸಾಮಾನ್ಯವಾಗಿ ಕಾಣಿಸಿಕೊಳ್ಳದು, ಕಂಡರೆ ಅದೇ ಒಂದು ಸುಳಿವು. ಕೀವು ತುಂಬಿ ಊದಿದ ನಾಳ ಪರದೆಯ ಮೇಲೆ ಬಾಗಿದ ಕಪ್ಪು ಕೊಳವೆಯಾಗಿ ತೋರುತ್ತದೆ, ಅದರ ಗೋಡೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ. ಅಡ್ಡ ಸೀಳಿದಂತೆ ನೋಡಿದರೆ ಒಳಗಿನ ಊದಿದ ಮಡಿಕೆಗಳು ಹಲ್ಲುಚಕ್ರದಂತೆ ಕಾಣುತ್ತವೆ. ಪವರ್ ಡಾಪ್ಲರ್ ಎಂಬ ತಂತ್ರ, ಉರಿಯೂತವಿರುವ ಗೋಡೆಯಲ್ಲಿ ರಕ್ತ ಹೇಗೆ ನುಗ್ಗುತ್ತಿದೆ ಎಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಫಿನ್ಲೆಂಡಿನಲ್ಲಿ ಮೊಲಾಂಡರ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದಂತೆ, ಲ್ಯಾಪರೊಸ್ಕೋಪಿಯಲ್ಲಿ ಸೋಂಕು ಖಚಿತವಾದ 20 ಮಹಿಳೆಯರೆಲ್ಲರಲ್ಲೂ ಹೀಗೆ ಹೆಚ್ಚಿದ ರಕ್ತದ ಹರಿವು ಕಂಡಿತು. ಅಲ್ಲಿನದೇ ಇನ್ನೊಂದು ಅಧ್ಯಯನದಲ್ಲಿ, ಸೋಂಕಿದ್ದ 21 ಮಂದಿಯಲ್ಲಿ ಎಂಆರ್‌ಐ 20 ಮಂದಿಯನ್ನು ಹಿಡಿಯಿತು, ಯೋನಿ ಮೂಲಕದ ಸ್ಕ್ಯಾನ್ 17 ಮಂದಿಯನ್ನು.

ಇವು ಪುಟ್ಟ ಅಧ್ಯಯನಗಳು, ನುರಿತವರ ಕೈಯಲ್ಲಿ ನಡೆದವು ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಸೋಂಕು ಸೌಮ್ಯವಾಗಿದ್ದಾಗ, ನಾಳ ಇನ್ನೂ ಊದದಿದ್ದಾಗ, ಸ್ಕ್ಯಾನ್ ವರದಿ ನಾರ್ಮಲ್ ಎಂದೇ ಬರುತ್ತದೆ. ಆ ಕಾಗದ ನಂಬಿ ಚಿಕಿತ್ಸೆ ಕೊಡದೆ ಕಳಿಸಿದರೆ ಆಗುವ ಹಾನಿ, ಎರಡು ವಾರದ ಮಾತ್ರೆ ಸುಮ್ಮನೆ ನುಂಗಿದ್ದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ನನ್ನ ವಾದ ಇಷ್ಟೇ: ಔಷಧಿ ಶುರುಮಾಡಬೇಕೇ ಎಂಬ ಪ್ರಶ್ನೆಯನ್ನು ಸ್ಕ್ಯಾನ್‌ಗೆ ಕೇಳಬಾರದು. ಬೇರೆ ಕಾರಣ ಎದ್ದು ಕಾಣದಿದ್ದರೆ ಕೈಪರೀಕ್ಷೆಯ ಅನುಮಾನವೇ ಆಂಟಿಬಯೋಟಿಕ್‌ಗೆ ಸಾಕು, ಜೊತೆಗೆ ಗರ್ಭ ಪರೀಕ್ಷೆಯೂ ಆಗಲೇಬೇಕು. ಸ್ಕ್ಯಾನ್‌ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಇದು ಸೋಂಕೇ, ಅದರ ವೇಷದ ಇನ್ನೊಂದೇ? ನಾಳ, ಅಂಡಾಶಯ ಸೇರಿ ಕೀವಿನ ಗಡ್ಡೆಯಾಗಿದೆಯೇ, ಆಗಿದ್ದರೆ ಸ್ಕ್ಯಾನ್ ನೋಡುತ್ತಲೇ ಸೂಜಿಯಿಂದ ಕೀವು ತೆಗೆಯಬಹುದೇ? ಮೂರು ದಿನ ಔಷಧಿ ಕೊಟ್ಟರೂ ನೋವು ಇಳಿಯದವರಲ್ಲಿ ಈ ಪ್ರಶ್ನೆಗಳನ್ನು ಮುಂದೂಡುವಂತಿಲ್ಲ. ನಮ್ಮ ದೇಶದಲ್ಲಿ ಕ್ಷಯವೂ ಅಂಡನಾಳಕ್ಕೆ ತಗಲುತ್ತದೆ, ಸಾಮಾನ್ಯ ಆಂಟಿಬಯೋಟಿಕ್‌ಗೆ ಅದು ಬಗ್ಗದು. ಸ್ಕ್ಯಾನ್ ಅನುಮಾನ ಹುಟ್ಟಿಸಬಲ್ಲದು, ಖಚಿತಪಡಿಸಲು ಅಂಗಾಂಶದ ಪರೀಕ್ಷೆ ಬೇಕು.

ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಸ್ಕ್ಯಾನ್‌ನಲ್ಲಿ ಬಿಡಿಸಲಾಗದ ಗೊಂದಲಕ್ಕೆ ಅದಿರಲಿ.

ಸ್ಕ್ಯಾನ್ ಹೆಚ್ಚಾದರೆ ದುರುಪಯೋಗವೂ ಹೆಚ್ಚುತ್ತದೆ ಎಂಬ ಭಯಕ್ಕೆ ನಮ್ಮಲ್ಲೇ ಕಾರಣವಿದೆ. ಕಲಬುರಗಿ ಜಿಲ್ಲೆಯಲ್ಲಿ, ಹೊಟ್ಟೆನೋವು, ಬಿಳಿ ಮುಟ್ಟು ಎಂದು ಹೋದ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆದರೆಂಬ ದೂರುಗಳು ದೊಡ್ಡ ಸುದ್ದಿಯಾದವು. ಮಾತ್ರೆಯಿಂದ ವಾಸಿಯಾಗಬಹುದಾದ ಸೋಂಕಿಗೆ ಅಂಗವನ್ನೇ ಕಳೆದುಕೊಳ್ಳುವುದು ಅನ್ಯಾಯ. ಆದರೆ ಸ್ಕ್ಯಾನ್ ಬಿಟ್ಟುಬಿಟ್ಟರೆ ಈ ಅನ್ಯಾಯ ನಿಲ್ಲದು. ಗರ್ಭಕೋಶ ಊದಿದೆ ಎಂಬ ಒಂದೇ ಸಾಲಿನ ವರದಿ ಬರೆಯಲು ಯಾರಿಗೂ ಅವಕಾಶ ಕೊಡಬಾರದು. ನಾಳ ಕಂಡಿತೇ, ಗೋಡೆ ಎಷ್ಟು ದಪ್ಪ, ಕೀವು ಎಲ್ಲಿದೆ, ಎಷ್ಟು ದೊಡ್ಡದು ಎಂದು ಅಳತೆ ಸಮೇತ ಬರೆದಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಮಾಡುವವರಿಗೆ ಬಸುರಿಯರನ್ನು ನೋಡುವಷ್ಟೇ ನುರಿತು ನಾಳವನ್ನೂ ನೋಡುವ ತರಬೇತಿ ಬೇಕು. ಯೋನಿ ಮೂಲಕದ ಪರೀಕ್ಷೆಗೆ ಮೊದಲು ಏನು ಮಾಡುತ್ತೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಪಕ್ಕದಲ್ಲಿ ಒಬ್ಬ ನರ್ಸ್ ಇರಬೇಕು, ಬೇಡವೆಂದವರಿಗೆ ಹೊಟ್ಟೆಯ ಮೇಲಿಂದಲೇ ನೋಡಬೇಕು. ಚಿತ್ರ, ವರದಿ ಎರಡೂ ಆಕೆಯ ಕೈಗೇ ಸಿಗಬೇಕು. ಆಪರೇಷನ್ ಮಾತು ಬಂದ ದಿನ ಆಕೆ ಅವನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿ ಕೇಳಬಹುದು.