ಶೆಡ್ಡಿನ ಮೂಲೆಯ ಹಳೇ ಎಂಜಿನ್ ಯಾವ ಗಾಡಿದು? ಗುಜರಿಗೆ ಹಾಕುವ ಮುಂಚೆ ಹೀಗೆ ಪತ್ತೆ ಮಾಡಿ

ಹಳೇ ಮನೆ ಕೆಡವುವಾಗಲೋ, ಬಾವಿ ಪಕ್ಕದ ಪಂಪ್ ಶೆಡ್ ಖಾಲಿ ಮಾಡುವಾಗಲೋ ತುಕ್ಕು ಹಿಡಿದ ಎಂಜಿನ್ ಒಂದು ಸಿಗುತ್ತದೆ. "ಅಜ್ಜನ ಕಾಲದ ಜೀಪಿಂದು" ಅಂತ ಒಬ್ಬರು, "ಅಲ್ಲ, ಅಂಬಾಸಿಡರ್‌ದು" ಅಂತ ಇನ್ನೊಬ್ಬರು. ಈ ವಾದ ಮುಗಿಯುವಷ್ಟರಲ್ಲಿ ಗುಜರಿಯವರು ಕೆಜಿ ಲೆಕ್ಕದಲ್ಲಿ ರೇಟು ಹೇಳಿ ಆಗಿರುತ್ತದೆ. ಒಮ್ಮೆ ಸುತ್ತಿಗೆ ಏಟು ಬಿದ್ದರೆ ಮುಗೀತು, ಆಮೇಲೆ ಅದು ಬರೀ ಕಬ್ಬಿಣ.

ಆತುರ ಯಾಕೆ ಬೇಡ ಅಂದ್ರೆ, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರ ಇರುವ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಹೀಗಾಗಿ ಹಳೇ ಗಾಡಿ ರೆಡಿ ಮಾಡಿಸುವವರು ಅದೇ ಕಾಲದ, ಅದೇ ಮಾದರಿಯ ಎಂಜಿನ್ ಮತ್ತು ಬಿಡಿಭಾಗ ಹುಡುಕುತ್ತಾರೆ. ನಿಮ್ಮ ಎಂಜಿನ್ ಯಾವುದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ವ್ಯಾಪಾರದಲ್ಲಿ ಸೋಲುವವರು ನೀವೇ.

ಮೇಲಿರುವ ಹೆಸರು ನಂಬಬೇಡಿ

ಎಲ್ಲರೂ ಮೊದಲು ಮಾಡುವ ತಪ್ಪು ಇದು. ಡೈನಮೋ ಮೇಲೆ 'ಲ್ಯೂಕಾಸ್', ಕಾರ್ಬ್ಯುರೇಟರ್ ಮೇಲೆ 'ಸೋಲೆಕ್ಸ್', ಡೀಸೆಲ್ ಪಂಪ್ ಮೇಲೆ 'ಮೈಕೋ' ಅಂತ ಇರುತ್ತದೆ. ಇವೆಲ್ಲ ಆ ಭಾಗ ಮಾಡಿದ ಕಂಪನಿಗಳ ಹೆಸರು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಎಂಜಿನ್ ಮಾಡುತ್ತಿರಲಿಲ್ಲ. ಅಲ್ಲಿ ತಯಾರಾಗುತ್ತಿದ್ದುದು ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪಿನಂಥ ಸಾಮಾನು. ಇಂಥ ಭಾಗಗಳನ್ನು ನಲವತ್ತು ಐವತ್ತು ವರ್ಷದಲ್ಲಿ ಎಷ್ಟು ಸಲ ಬದಲಾಯಿಸಿದ್ದಾರೋ ಯಾರಿಗೆ ಗೊತ್ತು. ಬಣ್ಣವೂ ಅಷ್ಟೇ, ಯಾರು ಬೇಕಾದರೂ ಹೊಡೆದಿರಬಹುದು.

ನೋಡಬೇಕಾದ್ದು ಬ್ಲಾಕ್, ಅಂದ್ರೆ ಎಂಜಿನ್ನಿನ ದೊಡ್ಡ ಎರಕದ ಒಡಲು.

ಉಬ್ಬು ನಂಬರ್ ಬೇರೆ, ತಗ್ಗು ನಂಬರ್ ಬೇರೆ

ಬ್ಲಾಕ್ ಮೇಲೆ ಎರಡು ಬಗೆಯ ನಂಬರ್ ಇರುತ್ತವೆ. ಉಬ್ಬಿಕೊಂಡಿರುವುದು ಎರಕ ಹೊಯ್ಯುವಾಗಲೇ ಅಚ್ಚಿನಿಂದ ಬಂದದ್ದು. ಸಾವಿರಾರು ಬ್ಲಾಕಿಗೆ ಅದೇ ನಂಬರ್ ಇರುತ್ತದೆ, ಅದು ಮಾದರಿ ಯಾವುದು ಅಂತ ಹೇಳುತ್ತದೆ. ನುಣುಪಾಗಿ ತೇದ ಚಿಕ್ಕ ಜಾಗದಲ್ಲಿ ಪಂಚ್ ಹೊಡೆದಿರುವ ಅಥವಾ ಚಿಕ್ಕ ತಗಡಿನ ಮೇಲೆ ಕೊರೆದಿರುವ ತಗ್ಗು ನಂಬರೇ ಎಂಜಿನ್ ನಂಬರ್. ಅದು ಆ ಒಂದೇ ಎಂಜಿನ್ನಿನದು, ಆರ್‌ಸಿ ಪುಸ್ತಕದಲ್ಲಿ ಬರೆದಿರುವುದೂ ಅದೇ.

ಗ್ರೈಂಡರ್, ವೈರ್ ವೀಲ್ ಹಚ್ಚಬೇಡಿ, ನಂಬರೇ ತೇದುಹೋಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒಂದು ರಾತ್ರಿ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ತಗ್ಗು ನಂಬರಿಗೆ ಸೀಮೆಸುಣ್ಣ ಉಜ್ಜಿ ಒರೆಸಿದರೆ ಅಕ್ಷರ ಬೆಳ್ಳಗೆ ಕಾಣುತ್ತದೆ. ಉಬ್ಬು ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟು ಫೋಟೋ ತೆಗೆದರೆ ನೆರಳಿನಲ್ಲಿ ಅಂಕಿ ಎದ್ದು ಕಾಣುತ್ತದೆ.

ವಾಲ್ವ್ ಎಲ್ಲಿದೆ ನೋಡಿ

ದಪ್ಪ ಪ್ಲಗ್ ವೈರ್ ಹಾಕುವ ಡಿಸ್ಟ್ರಿಬ್ಯೂಟರ್ ಇದ್ದರೆ ಪೆಟ್ರೋಲ್, ಸಣ್ಣ ಉಕ್ಕಿನ ಪೈಪುಗಳ ಪಂಪ್ ಇದ್ದರೆ ಡೀಸೆಲ್. ಇದು ಸುಲಭ. ಅದಾದ ಮೇಲೆ ತಲೆ ನೋಡಿ. ಮೇಲೆ ತಗಡಿನ ಟ್ಯಾಪೆಟ್ ಕವರ್ ಇಲ್ಲದೆ, ಹಲಗೆಯಂಥ ಚಪ್ಪಟೆ ಹೆಡ್ ಮಾತ್ರ ಇದ್ದರೆ ಅದು ಸೈಡ್ ವಾಲ್ವ್ ಎಂಜಿನ್, ಅಂದ್ರೆ ವಾಲ್ವ್‌ಗಳೆಲ್ಲ ಬ್ಲಾಕ್ ಒಳಗಿವೆ. ತುಂಬಾ ಹಳೇ ಕಾಲದ್ದು.

ಜೀಪಿನ ವಿಷಯದಲ್ಲಿ ಇದೇ ಮುಖ್ಯ. ಯುದ್ಧಕಾಲದ ವಿಲ್ಲಿಸ್ ಜೀಪಿನ 'ಗೋ ಡೆವಿಲ್' ಎಂಜಿನ್ ಸೈಡ್ ವಾಲ್ವ್. ಆಮೇಲೆ ಬಂದ, ನಮ್ಮ ಕಡೆ ಮಹೀಂದ್ರ ಜೀಪಿನಲ್ಲಿ ಓಡಿದ 'ಹರಿಕೇನ್' ಎಂಜಿನ್ನಿನಲ್ಲಿ ಒಳಗೆ ಗಾಳಿ ಬಿಡುವ ವಾಲ್ವ್ ಹೆಡ್‌ನಲ್ಲಿ, ಹೊಗೆ ಬಿಡುವ ವಾಲ್ವ್ ಬ್ಲಾಕ್‌ನಲ್ಲಿ. ಎರಡರ ಅಳತೆಯೂ ಒಂದೇ, ಸುಮಾರು 2200 ಸಿಸಿ. ಅಳತೆ ಮಾತ್ರ ನೋಡಿದವರು ಇಲ್ಲಿ ಮೋಸ ಹೋಗುತ್ತಾರೆ, ಮೇಲೆ ಕವರ್ ಇದೆಯಾ ಅಂತ ನೋಡಿದವರು ಹೋಗುವುದಿಲ್ಲ.

ಒಂದು ಆಯಸ್ಕಾಂತವೂ ಜೇಬಿನಲ್ಲಿರಲಿ. ಫಿಯಟ್ 1100 ಮತ್ತು ಪದ್ಮಿನಿ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಆಯಸ್ಕಾಂತ ಅಂಟುವುದಿಲ್ಲ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಹೆಡ್ ಕಬ್ಬಿಣದ್ದು, ಗಟ್ಟಿಯಾಗಿ ಅಂಟುತ್ತದೆ.

ಕೊನೆಗೆ ಅಳತೆ

ಎರಡು ಅಳತೆ ಬೇಕು. ಸಿಲಿಂಡರಿನ ಅಗಲ ಬೋರ್, ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ ಸ್ಟ್ರೋಕ್. ಹೆಡ್ ಬಿಚ್ಚಿಸಿ, ಲೇತ್ ಅಂಗಡಿಯ ವರ್ನಿಯರ್‌ನಲ್ಲಿ ಅಳೆಯಿರಿ. ಎಂಜಿನ್ ಜಾಮ್ ಆಗಿದ್ದರೆ ಬಲ ಹಾಕಿ ತಿರುಗಿಸಬೇಡಿ, ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಿರಿ.

ಲೆಕ್ಕ ಹೀಗೆ: ಬೋರ್ × ಬೋರ್ × 0.7854 × ಸ್ಟ್ರೋಕ್ × ಸಿಲಿಂಡರ್ ಸಂಖ್ಯೆ. ಎಲ್ಲವೂ ಸೆಂಟಿಮೀಟರ್‌ನಲ್ಲಿ. ಬೋರ್ 6.8, ಸ್ಟ್ರೋಕ್ 7.5, ನಾಲ್ಕು ಸಿಲಿಂಡರ್ ಆದರೆ ಕ್ಯಾಲ್ಕುಲೇಟರ್ 1089 ತೋರಿಸುತ್ತದೆ. ಅದು ಫಿಯಟ್.

ಹೋಲಿಸಿ ನೋಡಲು ನಮ್ಮ ರಸ್ತೆಗಳಲ್ಲಿ ಓಡಿದ ಕೆಲವು (ಬೋರ್ × ಸ್ಟ್ರೋಕ್, ಮಿಲಿಮೀಟರ್‌ನಲ್ಲಿ):

- ಫಿಯಟ್ 1100, ಪದ್ಮಿನಿ: 68 × 75, 1089 ಸಿಸಿ
- ಸ್ಟ್ಯಾಂಡರ್ಡ್ ಹೆರಾಲ್ಡ್: 63 × 76, 948 ಸಿಸಿ
- ಲ್ಯಾಂಡ್‌ಮಾಸ್ಟರ್, ಮೊದಮೊದಲ ಅಂಬಾಸಿಡರ್ (ಸೈಡ್ ವಾಲ್ವ್): 73.5 × 87, 1476 ಸಿಸಿ
- ನಂತರದ ಅಂಬಾಸಿಡರ್: 73 × 88.9, 1489 ಸಿಸಿ
- ವಿಲ್ಲಿಸ್, ಮಹೀಂದ್ರ ಪೆಟ್ರೋಲ್ ಜೀಪ್: 79.4 × 111.1, ಸುಮಾರು 2200 ಸಿಸಿ
- ಮಹೀಂದ್ರ ಜೀಪಿನ ಪ್ಯೂಜೊ ಡೀಸೆಲ್: 90 × 83, 2112 ಸಿಸಿ

ಇಲ್ಲೊಂದು ಎಚ್ಚರಿಕೆ. ಎಂಜಿನ್ ಸವೆದಾಗ ರೀಬೋರ್ ಮಾಡಿಸುತ್ತಾರೆ, ಆಗ ಬೋರ್ ದೊಡ್ಡದಾಗುತ್ತದೆ. ಪಿಸ್ಟನ್ ತಲೆ ಮೇಲೆ 020, 040 ಅಂತ ಇದ್ದರೆ ಅಷ್ಟು ಥೌ ದೊಡ್ಡದು ಮಾಡಿದ್ದಾರೆ ಅಂತ ಅರ್ಥ. 040 ಅಂದ್ರೆ ಸುಮಾರು 1 ಮಿಲಿಮೀಟರ್. ಹಾಗೆ ಮಾಡಿಸಿದ 1489 ಸಿಸಿ ಎಂಜಿನ್ ಲೆಕ್ಕದಲ್ಲಿ 1530ರ ಹತ್ತಿರ ಬರುತ್ತದೆ, "ಇಂಥ ಎಂಜಿನ್ನೇ ಇಲ್ವಲ್ಲ" ಅನ್ನಿಸುತ್ತದೆ. ರೀಬೋರ್ ಮಾಡಿಸಿದರೂ ಸ್ಟ್ರೋಕ್ ಬದಲಾಗುವುದಿಲ್ಲ. ಅನುಮಾನ ಬಂದಾಗ ಸ್ಟ್ರೋಕ್ ನಂಬಿ.

ಇಷ್ಟಾದರೂ ಗೊತ್ತಾಗುವುದು ಎಂಜಿನ್ ಯಾವುದು ಅಂತ, ಗಾಡಿ ಯಾವುದು ಅಂತ ಅಲ್ಲ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಮನೆತನದ್ದೇ ಬ್ರಿಟಿಷರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಗಾಡಿ ಹೇಳುವುದು ತಗ್ಗು ನಂಬರ್ ಮತ್ತು ಕಾಗದ ಮಾತ್ರ.

ಕಾಗದ ತಾಳೆ ನೋಡಿ

ಹಳೇ ಟ್ರಂಕು, ಬೀರು ಹುಡುಕಿ. ಆರ್‌ಸಿ, ಇನ್ಶೂರೆನ್ಸ್ ಚೀಟಿ, ತೆರಿಗೆ ರಸೀದಿ ಏನಾದರೂ ಸಿಕ್ಕರೆ ಎಂಜಿನ್ ನಂಬರ್ ತಾಳೆ ಹಾಕಿ. ಎರಡೂ ಒಂದೇ ಆದರೆ ಆ ಕಾಗದ ಎಂಜಿನ್ ಜೊತೆಗೇ ಇರಲಿ.

ಕೊಳ್ಳುವವರಿಗೂ ಇದೇ ಮಾತು. ನಂಬರಿನ ಜಾಗ ಹೊಸದಾಗಿ ತೇದ ಹಾಗಿದ್ದರೆ, ಅಂಕಿಗಳು ಸೊಟ್ಟಂಬಟ್ಟ ಇದ್ದರೆ ಅಗ್ಗಕ್ಕೆ ಸಿಕ್ತು ಅಂತ ಕೈ ಹಾಕಬೇಡಿ. ಅದು ಕಳವು ಮಾಲಾಗಿದ್ದರೆ ಠಾಣೆಗೆ ಅಲೆಯುವವರು ನೀವಾಗುತ್ತೀರಿ. ಬೇರೆ ಎಂಜಿನ್ ಕೂರಿಸುವುದಾದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಬದಲಾಯಿಸಿದ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು.

ಇಷ್ಟಕ್ಕೆಲ್ಲ ಬೇಕಾದ್ದು ಒಂದು ಬಾಟಲಿ ಸೀಮೆಎಣ್ಣೆ, ಒಂದು ಸೀಮೆಸುಣ್ಣ, ಒಂದು ಆಯಸ್ಕಾಂತ, ಲೇತ್ ಅಂಗಡಿಯಲ್ಲಿ ಅರ್ಧ ಗಂಟೆ. ಪತ್ತೆ ಆದ ಮೇಲೂ ಗುಜರಿಗೇ ಹಾಕುತ್ತೇವೆ ಅಂದ್ರೆ ಅದು ನಿಮ್ಮಿಷ್ಟ. ಕೊಡುತ್ತಿರುವುದು ಏನು ಅಂತ ಗೊತ್ತಿದ್ದು ಕೊಡಿ.